ಹಣಮಂತಪ್ಪನನ್ನು ಎತ್ತುವುದು

ಮಲ್ಲೇಶ್ವರಿ ಬೆಳಗ್ಗೆ ಒಂಬತ್ತಕ್ಕೆ ನಾಟಕದ ತಾಲೀಮಿನಲ್ಲಿರಬೇಕು. ಅವಳ ಅಪ್ಪ ಹಣಮಂತಪ್ಪನಿಗೆ ಒಂಬತ್ತಕ್ಕೆ ಸರಿಯಾಗಿ ಸಂಡಾಸಿಗೆ ಆಗಬೇಕು. ನೌಬಾದದ ಆ ಮೂರು ಕೋಣೆಯ ಮನೆಯಲ್ಲಿ ಹಣಮಂತಪ್ಪನನ್ನು ಮಂಚದಿಂದ ಎತ್ತಿ ಕುರ್ಚಿಯಲ್ಲಿ ಕೂರಿಸಬಲ್ಲವಳು ಮಲ್ಲೇಶ್ವರಿ ಒಬ್ಬಳೇ. ಹಾಗಾಗಿ ಒಂದು ತಿಂಗಳಿಂದ ಅವಳು ಹೋದಲ್ಲೆಲ್ಲ ತಡವಾಗಿಯೇ ಹೋಗುತ್ತಿದ್ದಳು.

ಆ ದಿನವೂ ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೆ ಹಾಕಿ, ಗೇಟಿನ ಚಿಲಕಕ್ಕೆ ಕೈ ಇಟ್ಟಿದ್ದಳಷ್ಟೇ. ಒಳಗಿನಿಂದ ಅವ್ವ ಅಂಜನಾಬಾಯಿಯ ಕೂಗು ಬಂತು.

“ಮಲ್ಲೀ! ನಿಮ್ಮಪ್ಪ ಕರೀಲತ್ತಾರ ನೋಡು.”

“ಅಣ್ಣ ಇದ್ದಾನಲ್ಲ ಮನ್ಯಾಗ?”

“ಅಂವ ಊಟಕ್ಕ ಕುಂತಾನ. ಎಂಜಲ ಕೈಲೆ ಎತ್ತಬೇಕೇನು?”

ದಿಲೀಪ ನಡುಮನೆಯಲ್ಲಿ ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಹಚ್ಚುತ್ತಿದ್ದ. ಭಾಲ್ಕಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಬೆಳಗಿನ ಬಸ್ಸಿಗೆ ಹೋದರೆ ಬರುವುದು ಸಂಜೆಗೇ. ತಂಗಿ ಮುಂದಿನಿಂದ ಹಾದುಹೋದಾಗ ತಲೆ ಎತ್ತಲಿಲ್ಲ, ಹೆಗಲು ಮಾತ್ರ ಕಿವಿಯ ಕಡೆಗೆ ಒಂದಿಷ್ಟು ಏರಿತು. ರಂಗಶಾಲೆಗೆ ಹೋಗುವ ಮೊದಲು ಮಲ್ಲೇಶ್ವರಿಗೆ ಇಂಥದು ಕಾಣುತ್ತಿರಲಿಲ್ಲ. ಈಗ ಬೇಡವೆಂದರೂ ಕಾಣುತ್ತಿತ್ತು.

ಅಪ್ಪನ ಮಂಚ ಹಿಂದಿನ ಕೋಣೆಯಲ್ಲಿ ಹಿತ್ತಲ ಬಾಗಿಲಿಗೆ ಅಡ್ಡವಾಗಿತ್ತು. ಬಚ್ಚಲಿಗೆ ಹತ್ತಿರವಾಗಲೆಂದು ಅಲ್ಲಿ ಹಾಕಿದ್ದರು. ಆ ಬಾಗಿಲು ಮುಚ್ಚಿದಂತೆಯೇ ಆಗಿ, ಮನೆಮಂದಿಯೆಲ್ಲ ಮುಂಬಾಗಿಲಿನಿಂದಲೇ ಓಡಾಡಬೇಕಾಗಿತ್ತು. ಮೂರೂ ಬಾಗಿಲು ಒಂದೇ ಸಾಲಿನಲ್ಲಿದ್ದುದರಿಂದ ಹಣಮಂತಪ್ಪನಿಗೆ ಮಲಗಿದಲ್ಲಿಂದಲೇ ರಸ್ತೆಯವರೆಗೆ ಕಾಣುತ್ತಿತ್ತು. ಯಾರು ಬಂದರು, ಯಾರು ಹೋದರು, ಯಾರು ಎಷ್ಟು ಹೊತ್ತು ಗೇಟಿನಲ್ಲಿ ನಿಂತು ಮಾತಾಡಿದರು, ಎಲ್ಲದರ ಹಾಜರಿ ಅವನಲ್ಲಿತ್ತು.

ಮಲ್ಲೇಶ್ವರಿ ಚೀಲ ಇಳಿಸಿ, ಕಮೋಡ್ ಕುರ್ಚಿಯನ್ನು ಅವನ ಎಡಕ್ಕೆ, ಗಟ್ಟಿ ಇದ್ದ ಕಾಲಿನ ಕಡೆಗೆ ಎಳೆದಳು. ಅಪ್ಪನನ್ನು ಮಂಚದ ಅಂಚಿಗೆ ಕೂರಿಸಿ, ಎದುರಿಗೆ ಮಂಡಿ ಮಡಿಸಿ ಇಳಿದು, ಅವನ ಎಡಮಂಡಿಗೆ ತನ್ನ ಮಂಡಿ ಆನಿಸಿ, ಬೆನ್ನ ಸುತ್ತ ಕೈ ಹಾಕಿದಳು.

“ಗದ್ದ ನನ್ನ ಹೆಗಲ ಮ್ಯಾಲ ಇಡು. ನೀ ಏಳಾಕ ಹೋಗಬ್ಯಾಡ, ನನ್ನ ಮ್ಯಾಲ ಬೀಳು. ಭಾರ ಕೊಡು.”

“ಕೊಟ್ಟೀನಿ.”

“ಕೊಟ್ಟಿಲ್ಲ. ಉಸಿರು ಹಿಡದಿ. ಬಿಡು.”

ಅವನು ಉಸಿರು ಬಿಟ್ಟ ಗಳಿಗೆಗೆ ಅವಳು ಕಾಲಿನಿಂದ ಎದ್ದಳು. ತೊಂಬತ್ತು ಕೆಜಿಯ ಆಳು ಅವಳ ಎದೆಯ ಮೇಲೆ ಬಂದು, ಅವಳೊಂದಿಗೆ ಅರ್ಧ ಸುತ್ತು ತಿರುಗಿ, ಕುರ್ಚಿಯಲ್ಲಿ ಇಳಿದ.

“ಉಣ್ಣೆ ಕತ್ತರಸಾಕ ಕುರಿ ಕುಂದ್ರಸಿದಂಗ ಕುಂದ್ರಸ್ತಿ ನೋಡು ನನಗ.”

“ಕುರಿ ಸುಮ್ಮನ ಕುಂದರ್ತಾವ. ನೀ ಬೈತಿ. ಅಷ್ಟೇ ಫರಕ್.”

ಉಳಿದ ಕೆಲಸ ಅಂಜನಾಬಾಯಿಯದು. ಬಕೆಟ್ಟು, ಚೊಂಬು, ಹಳೇ ಧೋತರದ ತುಂಡು ಹಿಡಿದು ಅವಳು ಒಳಗೆ ಬಂದಳು. ಮತ್ತೆ ಮಂಚಕ್ಕೆ ಹಾಕಲು ಮಗಳು ಕಾಯಬೇಕಾಗಿತ್ತು. ಮಲ್ಲೇಶ್ವರಿ ಮುಂದಿನ ಕೋಣೆಯಲ್ಲಿ ಗೋಡೆಗೆ ಒರಗದೆ ನಿಂತು ಕಾದಳು. ದಿಲೀಪ ಕೈ ತೊಳೆದು, ಡಬ್ಬಿ ಹಿಡಿದು, ಅವಳ ಪಕ್ಕದಿಂದಲೇ ಬಸ್ಸಿಗೆ ಹೋದ.

*

ಹಣಮಂತಪ್ಪ ಜನವಾಡದವನು. ಅಪ್ಪ, ಅಜ್ಜ ಕುರಿ ಕಾಯ್ದರು. ಇವನು ಕಾಯುವುದು ಬಿಟ್ಟು ವ್ಯಾಪಾರಕ್ಕೆ ಇಳಿದು ನೌಬಾದದಲ್ಲಿ ಮನೆ ಕಟ್ಟಿದ. ಔರಾದದ ಸಂತೆಯಲ್ಲಿ ಟೆಂಪೋದಿಂದ ಟಗರು ಇಳಿಸುವಾಗ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಿದ್ದ. ಟಗರು ಹಾರಿತು, ಹಗ್ಗದ ಹಿಂದೆ ಇವನೂ ಹಾರಿದ. ಟಗರಿಗೆ ಏನೂ ಆಗಲಿಲ್ಲ. ಇವನ ಬಲಗಡೆ ಸೊಂಟದ ಕೀಲು ಮುರಿಯಿತು. ಡಾಕ್ಟರು ರಾಡು ಹಾಕಿ, ಮೂರು ತಿಂಗಳು ಬಲಗಾಲು ಊರಕೂಡದೆಂದು ಹೇಳಿ ಕಳಿಸಿದರು.

ಮನೆಗೆ ತಂದ ದಿನ ಎತ್ತಲು ಹೋದವನು ದಿಲೀಪನೇ. ಕಂಕುಳಲ್ಲಿ ಕೈ ಹಾಕಿ ಗೋಧಿ ಚೀಲ ಎಳೆದಂತೆ ಎಳೆದ. ಅಪ್ಪ ಅರ್ಧ ಮೇಲೆ ಬಂದು, ಜಾರಿ, ನೆಲಕ್ಕೆ ಕುಸಿದು ಚೀರಿದ. ಪಕ್ಕದ ಮನೆಯವರೆಲ್ಲ ಗೇಟಿಗೆ ಬಂದರು. ಅವರ ಎದುರಿಗೇ ಹಣಮಂತಪ್ಪ, “ಕೊಂದಿ ನನ್ನ! ನೀ ಮುಟ್ಟಬ್ಯಾಡ ಇನ್ನ!” ಎಂದ. ಮಾಳಿಗೆಯ ಮೇಲಿದ್ದ ಮಲ್ಲೇಶ್ವರಿ ಓಡಿಬಂದು, ಅವನನ್ನು ಮಗ್ಗುಲಿಗೆ ಹೊರಳಿಸಿ, ಕೂರಿಸಿ, ನೆಲದಿಂದ ಮಂಚಕ್ಕೆ ಎತ್ತಿದಳು. ಅಂದಿನಿಂದ ಆ ಕೆಲಸ ಅವಳ ಹೆಸರಿಗೆ ಬರೆದಿಟ್ಟಂತಾಯಿತು.

ಅದಕ್ಕೂ ಮೊದಲು ಅವಳ ಕಲಿಕೆ ಮನೆಯಲ್ಲಿ ಬೈಗಳಕ್ಕೆ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ತೆಂಕಣ ಸೀಮೆಯ ಒಂದು ರಂಗಶಾಲೆಯಲ್ಲಿ ವರ್ಷ ಕಳೆದು ಬಂದವಳು ಬೇರೆಯೇ ಮೈ ಹೊತ್ತು ಬಂದಿದ್ದಳು. ಬೆಳಿಗ್ಗೆ ಮಾಳಿಗೆಯ ಮೇಲೆ ಬರಿಗಾಲಲ್ಲಿ ನೆಲ ಒದೆಯುತ್ತಿದ್ದಳು. ಕೆಳಗೆ ಹಿಟ್ಟಿನ ಡಬ್ಬದ ಮೇಲೆ ಸುಣ್ಣ ಉದುರುತ್ತಿತ್ತು. ತಾಲೀಮಿನ ಮೊದಲು ಉಣ್ಣುತ್ತಿರಲಿಲ್ಲ, ಮುಗಿದ ಮೇಲೆ ಇಬ್ಬರ ಊಟ ಉಣ್ಣುತ್ತಿದ್ದಳು. ಹೆಜ್ಜೆ ಸಪ್ಪಳವಿಲ್ಲದೆ ಅಡುಗೆಮನೆಗೆ ಬಂದು ಅವ್ವನ ಜೀವ ಹಾರಿಸುತ್ತಿದ್ದಳು. ದಿಂಬಿಲ್ಲದೆ ಮಲಗುತ್ತಿದ್ದಳು. ಮಾತಾಡುವವರ ಮುಖ ನೆಟ್ಟಗೆ ನೋಡುತ್ತಿದ್ದಳು. ನೋಡಲು ಬಂದ ಒಂದು ವರನ ಕಡೆಯವರು ಇದೇ ಕಾರಣಕ್ಕೆ, “ಹುಡುಗಿ ಪೊಲೀಸ್ ಭರ್ತಿಗಿ ತಯಾರಿ ಮಾಡ್ಲತ್ತಾಳೇನ್ರಿ?” ಎಂದು ಕೇಳಿಹೋಗಿದ್ದರು.

ಎಲ್ಲಕ್ಕಿಂತ ಹೆಚ್ಚು ಕಿರಿಕಿರಿ ಅವಳು ಮಲಗುವುದು. ದಣಿದಾಗ ಮುಂದಿನ ಕೋಣೆಯ ನಡುವೆ ಕೈಕಾಲು ಚೆಲ್ಲಿ, ಮೈಯೆಲ್ಲ ಸಡಿಲ ಬಿಟ್ಟು ಅಂಗಾತ ಮಲಗುವಳು. ಮಲಗಿದವರನ್ನು ದಾಟಬಾರದು ಎಂಬುದು ಅಂಜನಾಬಾಯಿಯ ಕಟ್ಟುನಿಟ್ಟು. ದಾಟಿದರೆ ಮಲಗಿದವರ ಆಯುಷ್ಯ ಕಡಿಮೆಯಾಗುತ್ತದಂತೆ. ಮಗಳು ಏಳುವವರೆಗೆ ಮನೆಯವರೆಲ್ಲ ಗೋಡೆಗೆ ಅಂಟಿಕೊಂಡು ಹಲ್ಲಿಯಂತೆ ಸರಿಯಬೇಕಾಗಿತ್ತು.

“ವರ್ಷ ತನ ಇದೇ ಕಲಿಸ್ಯಾರೇನು ಅಲ್ಲಿ? ಮಲಕೊಳ್ಳೋದು?”

“ಅದೇ ಭಾಳ ಕಠಿಣ ಅವ್ವ.”

“ಕಠಿಣ ಅಂತ! ನನಗ ಕಲಿಸು ಜರಾ. ಮದಿವಿ ಆದಾಗಿನಿಂದ ಮಲಗಿಲ್ಲ ನಾ.”

*

ತಾಲೀಮು ನಡೆಯುತ್ತಿದ್ದುದು ಬೀದರಿನ ಹಳೇ ಊರಿನಲ್ಲಿ, ಮದುವೆಗಳಿಲ್ಲದ ದಿನ ಸಿಗುವ ಒಂದು ಹಾಲ್‌ನಲ್ಲಿ. ನಾಗಸೇನ ನಿರ್ದೇಶಕ. ನಾಟಕ ನೌಬಾದದ ಸುರಂಗಬಾವಿ, ಅಂದರೆ ನೆಲದಡಿಯ ಹಳೇ ನೀರಿನ ಕಾಲುವೆ, ತೋಡಿದ ಕೂಲಿಯವರದು. ನೆಲದಡಿ ಮಣ್ಣು ಕುಸಿದು ಗಂಡ ಸಿಕ್ಕಿಬೀಳುತ್ತಾನೆ, ಹೆಂಡತಿ ಅವನನ್ನು ಹೊತ್ತು ಮೇಲೆ ತರುತ್ತಾಳೆ. ಆ ಹೆಂಡತಿಯ ಪಾತ್ರ ಮಲ್ಲೇಶ್ವರಿಯದು. ಗಂಡ ಮುಸ್ತಕೀಮ, ವೆಲ್ಡಿಂಗ್ ಅಂಗಡಿಯ ಹುಡುಗ. ಮೊದಲ ಪ್ರಯೋಗ ಔರಾದದಲ್ಲಿ, ತಿಂಗಳ ಕೊನೆಯ ಭಾನುವಾರ.

ಅಂದು ಅವಳು ಮುಟ್ಟುವಷ್ಟರಲ್ಲಿ ಬಾಗಿಲಿಗೆ ಒಳಚಿಲಕ ಬಿದ್ದಿತ್ತು. ಒಂಬತ್ತಾದ ಮೇಲೆ ನಾಗಸೇನ ಬಾಗಿಲು ತೆಗೆಸುತ್ತಿರಲಿಲ್ಲ. ಮೈ ಬಿಸಿ ಮಾಡುವ ಪಾಠ ಮುಗಿಯುವವರೆಗೆ ಮೆಟ್ಟಿಲ ಮೇಲೆ ಕುಳಿತು ಒಳಗಿನ ಕಾಲುಗಳ ಸದ್ದು ಕೇಳಿದಳು. ಯಾರ ಕಾಲು ಯಾವುದೆಂದು ಗುರುತು ಸಿಗುತ್ತಿತ್ತು. ತನ್ನದೊಂದೇ ಇಲ್ಲ.

ಒಳಗೆ ಹೋದ ಮೇಲೆ ಎತ್ತುವ ದೃಶ್ಯ. ಮುಸ್ತಕೀಮ ಪಿಸುಗುಟ್ಟಿದ: “ನಿಮ್ಮಪ್ಪನ ಎತ್ತಿ ಬಂದ ಮ್ಯಾಲ ನಾ ಹುಲ್ಲಿನ ಹೊರಿ ಆಗಿರಬೇಕು ನಿನಗ.”

ಅವನನ್ನು ಎತ್ತಿದಳು, ತಿರುಗಿದಳು, ಇಳಿಸಿದಳು. ಇಳಿಸಿ ಅವನ ಪಂಚೆಯ ಅಂಚು ಸರಿಮಾಡಿ, ಸೆರಗಿನಿಂದ ಅವನ ಬಾಯಿ ಒರೆಸಿದಳು. ಒರೆಸಿದ್ದು ಅವಳಿಗೇ ಗೊತ್ತಿರಲಿಲ್ಲ.

“ನಿಲ್ಲಸು” ಎಂದ ನಾಗಸೇನ. “ಏನ್ ಮಾಡಿದಿ ಈಗ?”

“ಎತ್ತಿದೆ ಸರ್.”

“ಕೆಲಸ ಮುಗಿಸಿದಿ. ಪೇಷಂಟ್‌ನ ಎತ್ತಿದಿ. ಅಂವ ನಿನ್ನ ಗಂಡ, ಸಾಯ್ಲತ್ತಾನ. ನಿನಗ ಅಂವ ಸಂಡಾಸಿಗಿ ಹೊಂಟಂಗ ಕಾಣ್ತದ.”

ಹುಡುಗರು ನಕ್ಕರು. ಸರಿತಾ ಎಂಬ ಹೊಸ ಹುಡುಗಿ ನಗಲಿಲ್ಲ. ಅವಳು ಗೋಡೆಯ ಬಳಿ ಕುಳಿತು ಆ ಪಾತ್ರದ ಮಾತುಗಳನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು. ಅದೂ ಮಲ್ಲೇಶ್ವರಿಗೆ ಕಂಡಿತು.

ಹೋಗುವಾಗ ನಾಗಸೇನ ಪಕ್ಕಕ್ಕೆ ಕರೆದ. “ಮಲ್ಲೇಶ್ವರಿ, ನಿನ್ನ ತಕಲೀಫ ನನಗ ತಿಳೀತದ. ನಾಟಕಕ್ಕ ತಿಳಿಯಂಗಿಲ್ಲ. ಒಂಬತ್ತಕ್ಕ ಬಾ. ಇಲ್ಲಾ ಆಗಲ್ಲ ಅಂತ ಹೇಳು.”

*

ಅಂದಿನ ರಾತ್ರಿಯ ಊಟ ಜೋಳದ ರೊಟ್ಟಿ, ತೊಗರಿಬೇಳೆ, ಶೇಂಗಾ ಹಿಂಡಿ. ಹಣಮಂತಪ್ಪ ಒಳಗೆ ಅರ್ಧ ರೊಟ್ಟಿಗೇ ಸಾಕೆಂದ. ಹೆಚ್ಚು ಉಂಡರೆ ಹೆಚ್ಚು ಏಳಬೇಕಾಗುತ್ತದೆಂದು ಅವನು ಉಣ್ಣುವುದನ್ನೂ ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದ. ಮಲ್ಲೇಶ್ವರಿ ಅಣ್ಣನ ಎದುರು ಕುಳಿತು ನೇರವಾಗಿ ಹೇಳಿದಳು.

“ಅಣ್ಣ, ಮುಂಜಾನಿ ನೀ ಎತ್ತು. ನಾ ಹ್ಯಾಂಗ ಅಂತ ತೋರಿಸ್ತೇನಿ. ಎರಡು ದಿನದಾಗ ಬರ್ತದ.”

“ನನಗ ಬೆನ್ನು ಅದ.”

“ಎಲ್ಲರಿಗೂ ಅದ.”

“ಬೆನ್ನು ನೋವು ಅದ ಅಂದೆ. ದಿನಾ ಭಾಲ್ಕಿಗಿ ಬಸ್ಸಿನ್ಯಾಗ ನಿಂತು ಹೋಗಿ ಬರ್ತೇನಿ. ನೌಕರಿ ನಂದು. ನಿನ್ನಂಗ ಕುಣಿಯೋದಲ್ಲ.”

“ಕುಣಿದಿದ್ದಕ್ಕೇ ಎತ್ತಾಕ ಬರ್ತದ ನನಗ.”

“ಹಾಂ, ಅದೇ ಅಂದೆ ನಾನೂ. ಕಲಿತಿದ್ದು ದಂಡ ಆಗಲಿಲ್ಲಲ್ಲ, ಖುಷಿ ಪಡು.”

ಅಂಜನಾಬಾಯಿ ಮಗನ ತಾಟಿಗೆ ಬೇಳೆ ಬಡಿಸಿದಳು. “ನಾಟಕ ಮುಂದಿನ ವರ್ಷನೂ ಇರ್ತದ ಮಲ್ಲಿ. ಅಪ್ಪ ಒಬ್ಬರೇ.”

“ಅಪ್ಪ ಅವನಿಗೂ ಒಬ್ಬರೇ ಅವ್ವ. ಆಳನ್ನರ ಇಡ್ರಿ.”

“ಇಟ್ಟಿದ್ದಿಲ್ಲೇನು?” ಎಂದಳು ತಾಯಿ. “ಆ ದವಾಖಾನಿ ಚಾಂದ ಪಾಶಾ ಬಂದ. ನಿಮ್ಮಪ್ಪ ಅಂವನ ಅಪ್ಪ ಅಜ್ಜ ಎಲ್ಲಾ ತೆಗದು ಬೈದರು. ಮರುದಿನ ಬಂದನೇನು? ಕೈ ಮುಗದು ಹೋದ.”

ಒಳಗಿನಿಂದ ಹಣಮಂತಪ್ಪ ಕೂಗಿದ: “ಅಂವನ ಕೈ ಐಸ್ ಇದ್ದಂಗ ಇತ್ತು!”

ದಿಲೀಪನ ಹೆಂಡತಿ ಸಿದ್ದೇಶ್ವರಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಒಂದೆರಡು ಗಳಿಗೆ ನಿಂತು ಮತ್ತೆ ಶುರುವಾಯಿತು.

*

ಸಿದ್ದೇಶ್ವರಿ ಔರಾದದವಳು. ಮದುವೆಯಾಗಿ ಮೂರು ವರ್ಷ. ಮಾವನ ಎದುರು ಅವಳ ಸೆರಗು ತಲೆಯಿಂದ ಇಳಿದಿದ್ದಿಲ್ಲ. ಮಾವನ ಹೆಸರು ಹೇಳುವುದಿಲ್ಲ, ಎದುರಿಗೆ ಕೂರುವುದಿಲ್ಲ, ಚಹಾದ ಕಪ್ಪನ್ನೂ ಕೈಗೆ ಕೊಡದೆ ಸ್ಟೂಲಿನ ಮೇಲೆ ಇಟ್ಟು ಹಿಂದೆ ಸರಿಯುವವಳು. ಇಂಥವಳು ಮರುದಿನ ಮಧ್ಯಾಹ್ನ, ಅತ್ತೆ ಗಿರಣಿಗೆ ಹೋದ ಹೊತ್ತು ನೋಡಿ, ಮಲ್ಲೇಶ್ವರಿಯ ಬಳಿ ಬಂದಳು.

“ಮಲ್ಲವ್ವ, ನನಗ ಕಲಸು.”

“ಏನು?”

“ಎತ್ತೋದು. ನೀ ಮುಂಜಾನಿ ಹೋಗಬಹುದಲ್ಲ.”

“ವೈನಿ, ಅಪ್ಪ ಮುಟ್ಟಿಸಿಕೊಳ್ತಾರೇನ್ರಿ ನಿಮ್ಮ ಕೈಲೆ?”

“ಅದು ಆಮ್ಯಾಲಿನ ಮಾತು. ನಿಮ್ಮಣ್ಣನ ಕೈಲೆ ಆಗಲ್ಲ, ಅಂವರು ಹೆದರ್ತಾರ. ಬೆನ್ನು ನೋವಲ್ಲ ಅದು.”

ಮಲ್ಲೇಶ್ವರಿ ಮುಂದಿನ ಕೋಣೆಯ ಮಂಚದ ಮೇಲೆ ಅಪ್ಪನಂತೆ ಮಲಗಿದಳು. ಸಿದ್ದೇಶ್ವರಿಗೆ ಬೆನ್ನು ಬಗ್ಗಿಸದೆ ಕಾಲು ಮಡಿಸುವುದು ಹೇಳಿಕೊಡುವುದೇ ಬೇಕಾಗಲಿಲ್ಲ. ಉಸಿರು ಕೂಡಿಸುವುದು ಮಾತ್ರ ಕಷ್ಟವಾಯಿತು.

“ಹಿಡಿತ ಸರಿ ಇದ್ರ ಮಲಗಿದವ್ರು ಭಾರ ಕೊಡ್ತಾರ, ಹಗುರ ಆಗ್ತಾರ. ಹಿಡಿತ ತಪ್ಪಿದ್ರ ಮೈ ತಾನೇ ಬೀಳ್ತದ. ರಂಗಶಾಲ್ಯಾಗ ನಾವು ಇದಕ್ಕ ಹೆಣಭಾರ ಅಂತಿದ್ವಿ. ನೋಡ್ರಿ.”

ಮಲ್ಲೇಶ್ವರಿ ಮೈ ಬಿಟ್ಟಳು. ಸಿದ್ದೇಶ್ವರಿ ಅವಳ ಒಂದು ಕೈ ಎತ್ತಿದರೆ ಅದು ಒದ್ದೆ ಕಂಬಳಿಯಂತೆ ಜಾರಿ ಬಿತ್ತು. ಎರಡೂ ತೋಳು ಹಿಡಿದು ಜಗ್ಗಿದರೂ ಐವತ್ತು ಕೆಜಿಯ ಹುಡುಗಿ ಅಲುಗಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಅಪ್ಪನ ದನಿಯಲ್ಲಿ, “ಏ ಹುಡುಗಿ, ಕೊಲ್ತಿ ಏನು ನನ್ನ!” ಎಂದಳು. ಸಿದ್ದೇಶ್ವರಿ ಗಡಬಡಿಸಿ ಸೆರಗು ಮೂಗಿನವರೆಗೆ ಎಳೆದುಕೊಂಡು, ಎಳೆದುಕೊಂಡಿದ್ದಕ್ಕೆ ತಾನೇ ನಕ್ಕು ನೆಲದ ಮೇಲೆ ಕುಳಿತಳು.

ಹಿಂದಿನ ಕೋಣೆಯಲ್ಲಿ ಹಣಮಂತಪ್ಪ ಕೆಮ್ಮಿದ. ನಿದ್ದೆಯಲ್ಲಿ ಕೆಮ್ಮಿದ ಕೆಮ್ಮಲ್ಲ ಅದು.

*

ಮುಂದಿನ ವಾರವೂ ಅವಳು ಮೆಟ್ಟಿಲ ಮೇಲೆಯೇ ಕುಳಿತಳು, ಒಮ್ಮೆಯಲ್ಲ, ಹಲವು ಸಲ. ಸಿದ್ದೇಶ್ವರಿ ಕಲಿತಿದ್ದಳು, ಆದರೆ ಕಲಿತದ್ದನ್ನು ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಕೊನೆಗೆ ಇಡೀ ದಿನದ ತಾಲೀಮು ಬಂತು. ಮಲ್ಲೇಶ್ವರಿ ಬೆಳಗ್ಗೆ ಬೇಗನೆ ಅಪ್ಪನನ್ನು ಎತ್ತಿ ಕೂರಿಸಿ ಮಲಗಿಸಿ, “ಇವತ್ತ ವೈನಿ ಎತ್ತತಾಳ, ಅಕಿಗಿ ಬರ್ತದ” ಎಂದು ಒಂದೇ ಉಸಿರಿಗೆ ಹೇಳಿ ಹೊರಬಿದ್ದಳು. ಹಿಂದಿನಿಂದ ಬಂದ ಬೈಗಳು ಗೇಟಿನವರೆಗೂ ಕೇಳಿಸಿತು.

ಸಂಜೆ ಬಂದಾಗ ಮನೆ ಸುಮ್ಮನಿತ್ತು. ಹಗ್ಗದ ಮೇಲೆ ಎರಡು ಚಾದರ ಒಣಗುತ್ತಿದ್ದವು. ಅಂಜನಾಬಾಯಿ ಮೆಟ್ಟಿಲಲ್ಲಿ ಕುಳಿತು ತೊಗರಿ ಆರಿಸುತ್ತಿದ್ದಳು.

“ಮಧ್ಯಾಹ್ನ ತನ ತಡಕೊಂಡ್ರು. ಒಂದು ಹನಿ ನೀರು ಕುಡೀಲಿಲ್ಲ. ಮೊದಲನೇ ಸಲ ಹಾಸಿಗ್ಯಾಗೇ ಆಯ್ತು. ಎರಡನೇ ಸಲ ಆಗೂದ್ರಾಗ ಸಿದ್ದಿ ಸೆರಗು ಗದ್ದದ ತನ ಎಳಕೊಂಡು ಬಂದು, ಕಣ್ಣು ಕಾಣದಂಗ ಬಂದು, ಎತ್ತೇ ಬಿಟ್ಲು.”

“ಅಪ್ಪ ಏನಂದರು?”

“ಏನಂತಾರ. ಗ್ವಾಡಿ ಕಡಿ ತಿರಗಿ ಮಲಗ್ಯಾರ.” ತಾಯಿ ಒಂದು ಕಲ್ಲು ಆರಿಸಿ ಎಸೆದಳು. “ಸೊಸಿ ಮಾವನ ಸೊಂಟ ಹಿಡಿಯೋದು ನೋಡಬೇಕಾಯ್ತು ನಾ. ನಿನ್ನ ನಾಟಕ ಛಂದಾಯ್ತಿಲ್ಲೋ?”

ನಾಟಕದ ಮಾತು ಮಲ್ಲೇಶ್ವರಿ ಹೇಳಲಿಲ್ಲ. ಹೇಳಲು ಇದ್ದದ್ದು ಇಷ್ಟೇ: ಅಂದು ಅವಳು ಒಂಬತ್ತಕ್ಕೂ ಮೊದಲೇ ಮುಟ್ಟಿದ್ದಳು. ನಾಗಸೇನ ಬಾಗಿಲಲ್ಲೇ ನಿಂತಿದ್ದ. “ಪಾತ್ರ ಸರಿತಾಗ ಕೊಟ್ಟೀನಿ. ನೀ ಗುಂಪಿನ್ಯಾಗ ಇರು. ಹೆಣ ಹೊರೋ ಮಂದಿ ಕಡಿಮಿ ಅದಾರ” ಎಂದಿದ್ದ. ಅವಳು ಇಡೀ ದಿನ ಮುಸ್ತಕೀಮನ ಕಾಲು ಹಿಡಿದು ಹೊತ್ತಳು. ಸರಿತಾ ಅವನನ್ನು ಎತ್ತುವಾಗ ಮೂರು ಸಲ ಬೆನ್ನಿನಿಂದ ಎತ್ತಿದಳು, ನಾಗಸೇನ ನೋಡಲಿಲ್ಲ. ಹೆಂಡತಿಯ ಅಳು ಚೆನ್ನಾಗಿ ಬಂದಿತ್ತು.

*

ಆಮೇಲಿನ ದಿನಗಳಲ್ಲಿ ಮಲ್ಲೇಶ್ವರಿ ಒಂಬತ್ತಕ್ಕೆ ಸರಿಯಾಗಿ ಹೋಗತೊಡಗಿದಳು. ಬೆಳಗಿನದು ಸಿದ್ದೇಶ್ವರಿಗೆ, ಮಧ್ಯಾಹ್ನದ್ದೂ ಸಿದ್ದೇಶ್ವರಿಗೆ. ಹಣಮಂತಪ್ಪ ಕಣ್ಣು ಮುಚ್ಚಿಕೊಂಡು ಎತ್ತಿಸಿಕೊಳ್ಳುತ್ತಿದ್ದ, ಅವಳು ಮುಖ ಮುಚ್ಚಿಕೊಂಡು ಎತ್ತುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಒಂದು ಒಪ್ಪಂದಕ್ಕೆ ಬಂದರು. ದಿಲೀಪನಿಗೆ ಸಮಾಧಾನವಾಯಿತು.

“ಮತ್ತೇನು, ಈಗ ಇಬ್ಬರು ಆದ್ರಿ ಮನ್ಯಾಗ” ಎಂದ.

ಒಂದು ಸಂಜೆ ಪಾತ್ರೆ ತಿಕ್ಕುತ್ತ ಸಿದ್ದೇಶ್ವರಿ ತಲೆ ಎತ್ತದೆ ಹೇಳಿದಳು: “ನೀ ಕಲಸಿದಿ, ಪಾರಾದಿ. ನಾ ಕಲತೆ, ಸಿಕ್ಕೆ.”

ಮಲ್ಲೇಶ್ವರಿ ಅವಳ ಪಕ್ಕ ಕುಳಿತಳು. ಬೂದಿ ಮೆತ್ತಿದ ತಾಟು ತೆಗೆದುಕೊಂಡು ತೊಳೆದಳು.

ಸಿದ್ದೇಶ್ವರಿಯ ತಂಗಿಯ ಮದುವೆ ಔರಾದದಲ್ಲಿ ಗೊತ್ತಾಗಿತ್ತು, ನಾಟಕದ ಭಾನುವಾರವೇ. ಪತ್ರಿಕೆ ಬಂದ ದಿನ ಊಟದಲ್ಲಿ ಅಂಜನಾಬಾಯಿ ಲೆಕ್ಕ ಹಾಕಿದಳು.

“ಮಲ್ಲಿನೂ ಇಲ್ಲ, ಸಿದ್ದಿನೂ ಇಲ್ಲ ಅಂದ್ರ ಹ್ಯಾಂಗ? ಒಬ್ಬರು ಇರಬೇಕು.”

“ಅಣ್ಣಗ ಐತವಾರ ಸೂಟಿ ಅದ” ಎಂದಳು ಮಲ್ಲೇಶ್ವರಿ.

“ನಾ ಮದಿವಿಗಿ ಹೋಗಬೇಕಲ್ಲ!” ದಿಲೀಪನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಹಿರಿ ಅಳಿಯ ನಾ. ನಾ ಹೋಗಲಿಲ್ಲಂದ್ರ ಮಂದಿ ಏನಂತಾರ?”

“ಮತ್ತ ವೈನಿ?”

“ಅಕಿ ಇರ್ತಾಳ. ನಾ ಹೋದ್ರ ಅಕಿ ಹೋದಂಗೇ.”

ಎಲ್ಲರೂ ಸಿದ್ದೇಶ್ವರಿಯ ಕಡೆ ನೋಡಿದರು. ಅವಳು ಹೆಂಚಿನ ಮೇಲಿನ ರೊಟ್ಟಿ ಮಗುಚಲಿಲ್ಲ. ರೊಟ್ಟಿ ಕರಿದಾಗಿ ಹೊಗೆ ಎದ್ದಿತು.

“ನನ್ನ ತಂಗಿ ಮದಿವಿ ಅದು” ಎಂದಳು. ಆ ಮನೆಯಲ್ಲಿ ಗಂಡನ ಎದುರು ಅವಳು ದನಿ ಎತ್ತಿದ್ದು ಅದೇ ಮೊದಲು, ಎತ್ತಿದ ದನಿಯೂ ಅಷ್ಟೇನೂ ದೊಡ್ಡದಾಗಿರಲಿಲ್ಲ.

“ರೊಟ್ಟಿ ಹೊತ್ತಲತ್ತದ ನೋಡು” ಎಂದಳು ಅತ್ತೆ.

*

ಭಾನುವಾರ ಬೆಳಿಗ್ಗೆ ದಿಲೀಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮುಯ್ಯಿಯ ಸೀರೆಯ ಚೀಲ ಹಿಡಿದು ಹೊರಟ. ಮುಂದಿನ ಕೋಣೆಗೆ ಬಂದರೆ ಹೊಸ್ತಿಲ ಒಳಗೆ, ಬಾಗಿಲಿಗೆ ಅಡ್ಡವಾಗಿ, ಮಲ್ಲೇಶ್ವರಿ ಅಂಗಾತ ಮಲಗಿದ್ದಳು. ತಲೆ ಒಂದು ಗೋಡೆಗೆ, ಕಾಲು ಇನ್ನೊಂದಕ್ಕೆ.

“ಏಳು.”

ಏಳಲಿಲ್ಲ.

“ಬಸ್ಸು ಹೋಗ್ತದ. ಏಳ್ತಿಯೋ ಇಲ್ಲೋ?”

“ಎತ್ತು” ಎಂದಳು, ಕಣ್ಣು ತೆರೆಯದೆ. “ಎತ್ತಿ ಆ ಕಡಿ ಇಡು, ಹೋಗು.”

ದಿಲೀಪ ದಾಟಲು ತನ್ನ ಒಂದು ಕಾಲು ಎತ್ತಿದ. ಅಡುಗೆಮನೆಯಿಂದ ಅಂಜನಾಬಾಯಿ ಚೀರಿದಳು: “ದಾಟಬ್ಯಾಡಲೇ ದಿಲ್ಯಾ! ಒಡಹುಟ್ಟಿದಾಕಿ ಇದ್ದಾಳ!” ಎತ್ತಿದ ಕಾಲನ್ನು ಅವನು ಹಿಂದೆ ಇಟ್ಟ. ಹಿತ್ತಲ ಕಡೆ ತಿರುಗಿ ನೋಡಿದ. ಅಲ್ಲಿ ಬಾಗಿಲಿಗೆ ಅಡ್ಡವಾಗಿ ಅಪ್ಪ.

ಚೀಲ ಇಟ್ಟು ತಂಗಿಯ ಕೈ ಹಿಡಿದು ಎಳೆದ. ಕೈ ಬಂತು, ಮೈ ಬರಲಿಲ್ಲ. ತಲೆಯ ಪಕ್ಕಕ್ಕೆ ಬಗ್ಗಿ ಕಂಕುಳಲ್ಲಿ ಕೈ ಹಾಕಿ ಜಗ್ಗಿದ. ಅರ್ಧ ಎದ್ದ ಮೈ ಅವನ ತೋಳುಗಳಿಂದ ಜಾರಿ ನೆಲಕ್ಕೆ ಬಿದ್ದು, ಅವಳ ತಲೆ ಟಣ್ ಎಂದಿತು. ಅವಳು ಹಲ್ಲು ಕಚ್ಚಲಿಲ್ಲ; ಕಚ್ಚಿದ್ದರೆ ಮೈ ಬಿಗಿಯಾಗುತ್ತಿತ್ತು.

“ಹಂಗೇ ಹಿಡದಿದ್ದಿ ನನ್ನೂ” ಎಂದ ಹಣಮಂತಪ್ಪ ಮಂಚದಿಂದ.

ದಿಲೀಪ ಬೆವರುತ್ತಿದ್ದ. “ಅಕಿಗಿ ಬುದ್ಧಿ ಹೇಳೋದು ಬಿಟ್ಟು—”

“ಅಕಿಗಿ ಆಮ್ಯಾಲ ಹೇಳ್ತೇನಿ. ಕಂಕಳಾಗ ಕೈ ಹಾಕಬ್ಯಾಡ. ಮಗ್ಗಲಿಗಿ ಹೊರಳಸು ಮೊದಲು. ಕುಂದ್ರಸು. ಎದುರಿಗಿ ಬಾ. ನಿನ್ನ ಮಂಡಿ ಅಕಿ ಮಂಡಿಗಿ ಹಚ್ಚು. ಇನ್ನಾ ಕೆಳಗ ಇಳಿ! ಬಗ್ಗಬ್ಯಾಡ, ಇಳಿ ಅಂದೆ!”

ಮಲ್ಲೇಶ್ವರಿ ಕಣ್ಣು ತೆರೆದಳು. ಅವಳು ಅಪ್ಪನಿಗೆ ಏನನ್ನೂ ಕಲಿಸಿರಲಿಲ್ಲ. ದಿನಾ ಎತ್ತಿಸಿಕೊಂಡು, ಬೈಯುತ್ತಲೇ, ಅವನ ಮೈ ಎಲ್ಲ ಕಲಿತುಬಿಟ್ಟಿತ್ತು.

ದಿಲೀಪ ಇಳಿದ. ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು. ತಂಗಿಯ ಬೆನ್ನ ಸುತ್ತ ಕೈ ಹಾಕಿ, ತೆಗೆದು, ಮತ್ತೆ ಹಾಕಿದ.

“ಬೀಳ್ತಾಳ” ಎಂದ ಸಣ್ಣ ದನಿಯಲ್ಲಿ.

“ಬೀಳಲಿ, ಅಕಿಗಿ ಬೀಳೋದು ರೂಢಿ ಅದ” ಎಂದ ಅಪ್ಪ. “ಉಸಿರು ಬಿಡು. ಬಿಡೂವಾಗ ಏಳು. 'ನೀ ಮುಟ್ಟಬ್ಯಾಡ' ಅಂತ ನಾ ಅಂದಿದ್ದೆ ಹೌದು. ಈಗ ಏಳು ಅನ್ಲತ್ತೀನಿ, ಏಳು.”

ಹಿಡಿತ ಸರಿಯಾಗಿತ್ತು. ಹಿಡಿತ ಸರಿಯಾದರೆ ಭಾರ ಕೊಡಬೇಕೆಂಬುದು ಪಾಠದ ನಿಯಮ. ಅಣ್ಣನ ಮೇಲಿನ ಸಿಟ್ಟು ಇಳಿಯದಿದ್ದರೂ ಮಲ್ಲೇಶ್ವರಿ ಗದ್ದವನ್ನು ಅವನ ಹೆಗಲಿಗೆ ಇಟ್ಟಳು. ದಿಲೀಪ ಎದ್ದ. ಅವಳೂ ಅವನೊಂದಿಗೆ ಎದ್ದಳು. ಇಬ್ಬರೂ ಒಂದು ಗಳಿಗೆ ಅಪ್ಪಿಕೊಂಡವರಂತೆ ನಿಂತು, ಇಬ್ಬರಿಗೂ ಅದು ಸೇರದೆ ಬಿಟ್ಟರು.

“ಈಗ ಅಪ್ಪಗ” ಎಂದಳು.

“ಬಸ್ಸು—”

“ನನಗ ಅವಸರ ಅದಲೇ!” ಎಂದು ಹಣಮಂತಪ್ಪ ಗುಡುಗಿದ. “ಮದಿವಿ ತನ ತಡಕೊಳ್ಳಾಕ ಆಗಲ್ಲ ನನಗ. ಕುರ್ಚಿ ತಾ. ಆ ಕಡಿ ಅಲ್ಲ!”

ಎತ್ತಿದ್ದು ಚೆನ್ನಾಗೇನೂ ಆಗಲಿಲ್ಲ. ತಿರುಗುವಾಗ ಕುರ್ಚಿ ಜರುಗಿತು, ಹಣಮಂತಪ್ಪ ಓರೆಯಾಗಿ ಕುಳಿತು ಮಗನ ವಂಶವನ್ನೆಲ್ಲ, ಅಂದರೆ ತನ್ನದನ್ನೇ, ಬೈದ. ಆದರೆ ಚೀರಲಿಲ್ಲ. ಅಂಜನಾಬಾಯಿ ಬಕೆಟ್ಟು ತಂದಳು.

ದಿಲೀಪ ಬೆವರು ಒರೆಸಿಕೊಂಡು ಮುಂದಿನ ಕೋಣೆಗೆ ಬರುವಷ್ಟರಲ್ಲಿ ಮುಯ್ಯಿಯ ಸೀರೆಯ ಚೀಲ ಅಲ್ಲಿರಲಿಲ್ಲ. ಗೇಟಿನ ಹೊರಗೆ ಸಿದ್ದೇಶ್ವರಿ ಹಸಿರು ರೇಷ್ಮೆಯಲ್ಲಿ ಆ ಚೀಲ ಹಿಡಿದು ಆಟೋ ನಿಲ್ಲಿಸುತ್ತಿದ್ದಳು. ಒಳಗೆ ಬಂದು ಹೇಳಿಹೋಗುವ ಗೋಜಿಗೆ ಹೋಗಲಿಲ್ಲ.

*

ಔರಾದದ ಬಸ್ಸಿನಲ್ಲಿ ಮಲ್ಲೇಶ್ವರಿ, ಸಿದ್ದೇಶ್ವರಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಊರು ದಾಟಿದ ಮೇಲೆ ಸಿದ್ದೇಶ್ವರಿ ತಲೆಯ ಮೇಲಿನ ಸೆರಗು ಇಳಿಸಿ, ನೋಯುವ ಕತ್ತನ್ನು ಆಚೀಚೆ ತಿರುಗಿಸಿದಳು.

“ನಾಳಿಗಿ ಮತ್ತ ನಂದೇ ಪಾಳಿ” ಎಂದಳು.

“ನಾಳಿಗಿ ಮುಂಜಾನಿ ಅಣ್ಣಂದು. ಇಲ್ಲಂದ್ರ ಮತ್ತ ಮಲಕೊಳ್ತೇನಿ.”

“ದಿನಾ ಮಲಕೊಳ್ತಿ ಏನು?”

“ಅದಕ್ಕೇ ವರ್ಷ ಕಲತೀನಿ.”

ಸಿದ್ದೇಶ್ವರಿ ನಗಲಿಲ್ಲ. “ಇವತ್ತ ನಿಂದು ಏನು ವೇಷ? ಎಷ್ಟು ಹೊತ್ತಿಗಿ ಸ್ಟೇಜ್ ಮ್ಯಾಲ ಬರ್ತಿ ನೀ? ಮದಿವ್ಯಾಗ ಅಕ್ಕಿಕಾಳು ಹಾಕೋದು ಮುಗಿಸಿ ನೋಡಾಕ ಬರ್ತೇನಿ.”

“ಕಡೀಗಿ ಬರ್ತೇನಿ. ಹೆಣದ ಕಾಲು ಹಿಡದಿರ್ತೇನಿ. ಎಡಗಡಿ.”

“ಇಷ್ಟೆಲ್ಲ ಮಾಡಿದ್ದು ಅಷ್ಟಕ್ಕೇನು?”

ಮಲ್ಲೇಶ್ವರಿ ಕಿಟಕಿಯ ಹೊರಗೆ ನೋಡಿದಳು. ತಲೆಯ ಹಿಂದೆ ಬುಗುಟು ಎದ್ದಿತ್ತು, ಮುಟ್ಟಿದರೆ ನೋಯುತ್ತಿತ್ತು. ಅಷ್ಟಕ್ಕೇ, ಹೌದು.

ಮೊಬೈಲು ಬಡಿದುಕೊಂಡಿತು. ದಿಲೀಪ.

“ಏ ಮಲ್ಲಿ, ವಾಪಸ್ ಮಂಚಕ್ಕ ಹಾಕೋದು ಹ್ಯಾಂಗ? ಈಗ ಒಳ್ಳೆ ಕಾಲು ಆ ಕಡಿ ಆಯ್ತಲ್ಲ. ಕುರ್ಚಿ ತಿರಗಸಬೇಕೇನು? ಅರ್ಧ ತಾಸಿನಿಂದ ಇಲ್ಲೇ ಕುಂತಾರ…”

ಅವಳು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಹಣಮಂತಪ್ಪನ ದನಿ, ಬಸ್ಸಿನ ಗದ್ದಲ ದಾಟಿ ಪಕ್ಕದ ಸೀಟಿನವರಿಗೂ ಕೇಳುವಂತೆ ಬಂತು:

“ಅಕಿಗ್ಯಾಕ ಕೇಳ್ತಿಯಲೇ! ಕುರ್ಚಿ ಮ್ಯಾಲ ಕುಂತಾಂವ ನಾ ಇದ್ದೀನಿ, ನನ್ನ ಕೇಳು!”

ಮಲ್ಲೇಶ್ವರಿ ಫೋನು ಕಟ್ ಮಾಡಿದಳು. ಪ್ರಯೋಗದ ದಿನ ಮೊಬೈಲು ಬಂದ್ ಇರಬೇಕೆಂಬುದು ನಾಗಸೇನನ ನಿಯಮ. ಆದರೆ ಅದು ಹಾಲ್‌ನೊಳಗೆ ಹೋದ ಮೇಲಿನ ಮಾತು. ಅವಳು ಬಸ್ಸಿನಲ್ಲೇ ಬಂದ್ ಮಾಡಿದಳು.